ಶುಗರ್ ಇಲ್ಲದ ನಾನು 14 ದಿನ ತೋಳಿಗೆ ಗ್ಲೂಕೋಸ್ ಸೆನ್ಸರ್ ಹಚ್ಚಿಕೊಂಡು ನೋಡಿದ್ದು

ಮೊದ್ಲ ಹೇಳಿಬಿಡ್ತೀನಿ, ನನಗ ಶುಗರ್ ಇಲ್ಲ, ಹೋದ ತಿಂಗಳ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತದ ಟೆಸ್ಟ್) 5.4 ಬಂದದ, ಅಂದ್ರ ನಾರ್ಮಲ್. ಆದ್ರ ನಮ್ಮಪ್ಪಗ ಶುಗರ್ ಬಂದು 16 ವರ್ಷ ಆತು, ಅಜ್ಜಗೂ ಇತ್ತು, ನನಗೀಗ 38. ವಾರಕ್ಕ ಮೂರು ದಿನ ಇಲ್ಲೇ ಪುಣೆದಾಗ ವೇತಾಳ ಟೇಕಡಿ ಗುಡ್ಡದ ಮ್ಯಾಲೆ ಓಡಾಕ ಹೋಗ್ತೀನಿ, ಅಲ್ಲಿ ನಮ್ಮ ಗ್ರೂಪಿನ್ಯಾಗ ಇಬ್ಬರು ಈ ಸೆನ್ಸರ್ ಹಚ್ಚಿಕೊಂಡು ಬರಾಕತ್ತಿದ್ರು, ಅದನ್ನ ನೋಡಿ ನಾನೂ ಕೊಥ್ರೂಡದ ಮೆಡಿಕಲ್‌ದಾಗ ಒಂದು ತಗೊಂಡೆ. ಐದು ಸಾವಿರದ ಆಸುಪಾಸು ಬಿತ್ತು.

ಹಚ್ಚೋದು ಏನೂ ತ್ರಾಸಿಲ್ಲ. ತೋಳಿನ ಹಿಂದ ಇಟ್ಟು ಒತ್ತಿದ್ರ ಮುಗೀತು, ಇರಿವಿ ಕಡದಂಗೂ ಆಗಲಿಲ್ಲ. ಒಳಗ ಹೋಗೋದು ಕೂದಲೆಳಿಯಂಥ ಒಂದು ತಂತು, ಅದು ನೋಡೋದು ರಕ್ತ ಅಲ್ಲ, ಚರ್ಮದ ಕೆಳಗ ಜೀವಕೋಶಗಳ ನಡುಕ ಇರೋ ನೀರಿನ್ಯಾಗಿನ ಗ್ಲೂಕೋಸ್, ಅದಕ್ಕ ಬೆರಳು ಚುಚ್ಚಿ ನೋಡಿದ್ದಕ್ಕಿಂತ 5ರಿಂದ 15 ನಿಮಿಷ ಹಿಂದ ಇರತದ. ಮೊದಲನೇ ದಿನದ ನಂಬರ್ ಭಾಳ ನಂಬಬ್ಯಾಡ್ರಿ. 9ನೇ ದಿನ ಮಳಿ, ಬೆವರಿಗೆ ಅಂಚು ಬಿಟ್ಟಿತ್ತು, ಮ್ಯಾಲೆ ಟೇಪ್ ಹಾಕಿ ನಡಸಿದೆ.

ನಾ ಹಚ್ಚಿಕೊಂಡದ್ದು ಮಣ್ಣೆತ್ತಿನ ಅಮಾಸಿಗೆ ಎರಡು ದಿನ ಮೊದ್ಲ. ಅಮಾಸಿ ದಿನ ಅವ್ವ ಹೋಳಿಗಿ ಮಾಡಿದ್ಲು, ಎರಡು ತಿಂದೆ, ಫೋನಿನ್ಯಾಗ ಕಾಣೋ ಗ್ಲೂಕೋಸ್ ಗೆರಿ 174ಕ್ಕ (ಮಿ.ಗ್ರಾಂ/ಡಿ.ಎಲ್.) ಏರಿತು. ಅವತ್ತಿಂದ ನಾ ಕೆಟ್ಟೆ. ನಾಕೈದು ದಿನ ಅನ್ನ ಬಿಟ್ಟೆ, ಬಾಳಿಹಣ್ಣು ಬಿಟ್ಟೆ, ಊಟದ ನಡುಕ ಫೋನ್ ತಗದು ತಗದು ನೋಡೋದು. ಒಂದು ರಾತ್ರಿ ಅವ್ವ ಹತ್ರ ಬಂದು ಕುಂತು "ನಿನಗೂ ಬಂದದೇನೋ, ಮುಚ್ಚಿಡಬ್ಯಾಡ ನನ್ನ ಮುಂದ" ಅಂದ್ಲು. ಆಕಿ ಕಣ್ಣಾಗ ನೀರು. ಆಮ್ಯಾಲೆ ಕುಂತು ಸರಿಯಾಗಿ ಓದಿದೆ. 2019ರಾಗ ಅಮೇರಿಕಾದಾಗ ಶುಗರ್ ಇಲ್ಲದ 153 ಮಂದಿಗೆ ಸೆನ್ಸರ್ ಹಚ್ಚಿ ನೋಡಿದಾಗ ದಿನದ ಸುಮಾರು ಶೇಕಡಾ 96 ಹೊತ್ತು 70ರಿಂದ 140ರ ನಡುಕ ಇದ್ರು. ಅಂದ್ರ ಆರೋಗ್ಯವಂತರೂ ಆಗಾಗ 140 ದಾಟ್ತಾರ, ಇಳಿದು ಬರತಾರ. ನನ್ನ 174 ಸೈತ ಎರಡು ತಾಸಿನ್ಯಾಗ 104ಕ್ಕ ಬಂದಿತ್ತು, ಆ ಇಳಿದದ್ದನ್ನ ನಾ ನೋಡಿದ್ದೇ ಇಲ್ಲ.

ಪುಣೆ ಹತ್ರದ ಸಿಂಹಗಡ ಕ್ವಾಟಿದ್ದು ಇನ್ನೊಂದು. ಬುಡದಾಗಿನ ಆತಕರವಾಡಿ ಕಡಿಂದ ಖಾಲಿ ಹೊಟ್ಟಿಲೆ ಜೋರಾಗಿ ಹತ್ತಿದೆ, ಏನೂ ತಿಂದಿಲ್ಲ, ಆದ್ರೂ 148! ಜೋರು ದುಡಿಸಿದ್ರ ಅಡ್ರಿನಲಿನ್ ಏರಿ ಲಿವರ್ ತಾನ ಕೂಡಿಟ್ಟ ಗ್ಲೂಕೋಸ್ ಹೊರಗ ಬಿಡತದ, ಅದು ದೇಹದ ಸಹಜ ಕೆಲಸ. ಮ್ಯಾಲೆ ಹೋಗಿ ಪಿಠಲಾ ಭಾಕರಿ, ಮಡಕಿ ಮೊಸರು ಹೊಟ್ಟಿ ತುಂಬ ತಿಂದೆ, ಹೆಚ್ಚೇನೂ ಏರಲಿಲ್ಲ. ಮತ್ತ ಒಂದು ರಾತ್ರಿ 3 ಗಂಟೆಗೆ 58 ಅಂತ ಅಲಾರಂ ಹೊಡೀತು, ಎದ್ದು ಅಪ್ಪನ ಮಷೀನ್‌ಲೆ ಬೆರಳು ಚುಚ್ಚಿದ್ರ 91. ಆ ತೋಳಿನ ಮ್ಯಾಲೆ ಮಲಗಿದ್ದೆ, ಒತ್ತು ಬಿದ್ರ ಹಂಗ ಸುಳ್ಳು ಕಡಿಮಿ ತೋರಸ್ತದ. ಅದಕ್ಕ ಮನ್ಯಾಗ ಒಂದು ಗ್ಲೂಕೋಮೀಟರ್ ಇರಲೇಬೇಕು.

ಉಪಯೋಗ ಆದದ್ದು ಯಾವುದಂದ್ರ, ಅದೇ ಅನ್ನ ಅದೇ ಸಾರು, ಉಂಡು ಕುಂತ ದಿನ 158, ಉಂಡು 20 ನಿಮಿಷ ಅಡ್ಡಾಡಿದ ದಿನ 131. ಜ್ವಾಳದ ರೊಟ್ಟಿ, ಹೆಸರಕಾಳು ಪಲ್ಯಾ, ಶೇಂಗಾ ಹಿಂಡಿ ತಿಂದ ದಿನ 125 ದಾಟಲಿಲ್ಲ. ಇದು ನನ್ನ ಮೈ ಲೆಕ್ಕ, ನಿಮ್ಮದು ಬ್ಯಾರೇನ ಇರಬಹುದು.

ಆದ್ರ ಆಷಾಢ ಏಕಾದಶಿ ದಿನ ಕಂಡದ್ದನ್ನ ಮರ್ಯಾಂಗಿಲ್ಲ. ಸಾಬೂದಾಣಿ ಖಿಚಡಿ ಒಂದು ಪ್ಲೇಟ್, 181. ಹದಿನಾಲ್ಕು ದಿನದಾಗ ಅದಕ್ಕ ಮಿಗಿಲಾದದ್ದು ಇಲ್ಲ, ಹೋಳಿಗಿನೂ ಅಲ್ಲ. ಉಪವಾಸದ ದಿನ ನಮ್ಮಪ್ಪ ಅದನ್ನ ಎರಡು ಹೊತ್ತು ಉಣ್ಣತಾರ, ಉಪವಾಸ ಅಂದ್ರ ಶುಗರ್ ಇಳಿತದ ಅಂತ ತಿಳಕೊಂಡು, ಇಷ್ಟು ವರ್ಷ ನಾವೇ ಬಡಿಸಿವಿ.

ಅದಕ್ಕ ನನ್ನ ಮಾತು ಇಷ್ಟ. ಶುಗರ್ ಇಲ್ಲದವ್ರು ಒಂದು ಸಲ ಹಚ್ಚಿ ಕಲೀರಿ, ರೊಕ್ಕಕ್ಕ ಮೋಸಿಲ್ಲ, ಆದ್ರ ತಿಂಗಳ ತಿಂಗಳ ತಗೋಬ್ಯಾಡ್ರಿ. ಅಮೇರಿಕಾದಾಗ 2024ರ ಮಾರ್ಚ್‌ದಾಗ ಡಾಕ್ಟರ್ ಚೀಟಿ ಇಲ್ಲದ ಮಾರೋ ಮೊದಲನೇ ಸೆನ್ಸರ್‌ಗೆ ಪರವಾನಗಿ ಸಿಕ್ಕದ ಖರೆ, ಆದ್ರ ನಮ್ಮಂಥವ್ರು ವರ್ಷಗಟ್ಟಲೆ ಹಚ್ಚಿಕೊಂಡ್ರ ಲಾಭ ಅದ ಅಂತ ಗಟ್ಟಿ ಪುರಾವೆ ಇನ್ನೂ ಇಲ್ಲ. ಊಟದ ಬಗ್ಗೆ ಮೊದ್ಲ ಅಂಜಿಕಿ ಇದ್ದವ್ರು ಅಂತೂ ಬ್ಯಾಡ.

ಏಕಾದಶಿ ಗೆರಿನ ಅಪ್ಪಗ ತೋರಿಸಿದೆ. ಚಷ್ಮಾ ಹಾಕ್ಕೊಂಡು ಭಾಳ ಹೊತ್ತು ನೋಡಿದ್ರು, ಆಮ್ಯಾಲೆ "ನನ್ನ ತೋಳಿಗೆ ಹಚ್ಚಿದ್ರ ಹೆಂಗ ಬರತದ ನೋಡೂಣು" ಅಂದ್ರು. ಅವರ ಡಾಕ್ಟರ್‌ಗೆ ಕೇಳೀನಿ, ಹಚ್ಚರಿ, ಗುಳಿಗಿ ಮಾತ್ರ ನನ್ನ ಕೇಳದ ಹೆಚ್ಚು ಕಡಿಮಿ ಮಾಡಬ್ಯಾಡ್ರಿ ಅಂದಾರ. ಎರಡನೇ ಸೆನ್ಸರ್ ತಂದಿಟ್ಟೀನಿ, ಸೋಮವಾರ ಅಪ್ಪಗ ಹಚ್ಚತೀನಿ.