ಎಡಕ್ಕೆ ಅಲ್ಯೂಮಿನಿಯಂ, ಬಲಕ್ಕೆ ಕಬ್ಬಿಣ: ಫಾಗ್ ಲ್ಯಾಂಪ್ ಬ್ರಾಕೆಟ್ ಮನೆಯಲ್ಲೇ ಮಾಡಿ ನೋಡಿದ್ದು

ಚಳಿಗಾಲದಲ್ಲಿ ಬೆಳಗಿನ ಜಾವ ಮಂಡ್ಯದಿಂದ ಪಾಂಡವಪುರದ ಕಡೆ ಹೊರಟರೆ ನಾಲೆ ಪಕ್ಕದ ರಸ್ತೆಗೆ ಮಂಜು ಕವಿದಿರುತ್ತದೆ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್, ಪಕ್ಕದಲ್ಲಿ ನೀರು. ರಸ್ತೆಯ ಅಂಚು ಕಾಣಲೇಬೇಕು. ಅದಕ್ಕೇ ನನ್ನ ಹಳೇ ಮಾರುತಿ 800ಕ್ಕೆ ಫಾಗ್ ಲ್ಯಾಂಪ್ ಹಾಕಲು ಹೊರಟೆ. ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿದೆ. ನಾನು ತಂದ ದೀಪಕ್ಕೂ ಬಂಪರ್ ಕೆಳಗಿನ ಬೋಲ್ಟ್ ತೂತಿಗೂ ಹೊಂದುವ ರೆಡಿ ಬ್ರಾಕೆಟ್ (ದೀಪ ಹಿಡಿದಿಡುವ ಪಟ್ಟಿ) ಎಲ್ಲೂ ಸಿಗಲಿಲ್ಲ.

ಮೊದಲು ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ. ದಪ್ಪ ಆಂಗಲ್ (L ಆಕಾರದ ಕಬ್ಬಿಣ) ಕತ್ತರಿಸಿ, ವೆಲ್ಡಿಂಗ್ ರಾಡಿನಲ್ಲೇ ಸುಟ್ಟು ತೂತು ಮಾಡಿಕೊಟ್ಟರು. ಗಟ್ಟಿಯೇನೋ ಇತ್ತು. ಆದರೆ ತೂತು ಮೊಟ್ಟೆ ಆಕಾರ. ಬೋಲ್ಟ್ ಎಷ್ಟು ಬಿಗಿದರೂ ದೀಪ ತಿರುಗಿ ನೆಲ ನೋಡುತ್ತಿತ್ತು. ಬಿಚ್ಚಿಟ್ಟೆ.

ಆಮೇಲೆ ಮನೆಯಲ್ಲೇ ಶುರು ಮಾಡಿದೆ. ಎಡಗಡೆ ಅಲ್ಯೂಮಿನಿಯಂ ಪಟ್ಟಿ, ಬಲಗಡೆ ಕಬ್ಬಿಣದ ಪಟ್ಟಿ (ಅಂಗಡಿಯಲ್ಲಿ ಕಬ್ಬಿಣ ಅಂತ ಸಿಗುವುದು ಉಕ್ಕೇ). ಎರಡೂ 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪ. ಒಂದೇ ಕಾರು, ಒಂದೇ ರಸ್ತೆ. ಹೋಲಿಸಿ ನೋಡೋಕೆ ಇದಕ್ಕಿಂತ ನೇರವಾದ ದಾರಿ ಇಲ್ಲ ಅಲ್ವಾ?

ಕೆಲಸಕ್ಕೆ ಅಲ್ಯೂಮಿನಿಯಂ ತುಂಬಾ ಸುಲಭ. ಹ್ಯಾಕ್ಸಾ ಬೆಣ್ಣೆಗೆ ಹಾಕಿದ ಹಾಗೆ ಇಳಿಯುತ್ತದೆ. 20 ಸೆಂ.ಮೀ. ತುಂಡು 40 ಗ್ರಾಂ ಅಷ್ಟೆ. ಅಷ್ಟೇ ಉದ್ದದ ಕಬ್ಬಿಣ 118 ಗ್ರಾಂ ತೂಗುತ್ತದೆ. ಅಲ್ಯೂಮಿನಿಯಂಗೆ ತುಕ್ಕಿನ ಚಿಂತೆಯೂ ಇಲ್ಲ. ಆದರೆ ಮೊದಲ ದಿನವೇ ವ್ಯತ್ಯಾಸ ಕಂಡಿತು. ಎಂಜಿನ್ ಐಡಲ್‌ನಲ್ಲಿರುವಾಗ ಗೋಡೆ ಮೇಲೆ ಬಲಗಡೆ ಬೆಳಕು ನಿಂತಿತ್ತು, ಎಡಗಡೆಯದು ನಡುಗುತ್ತಿತ್ತು. ಒಂದೇ ದಪ್ಪದ ಪಟ್ಟಿಯಾದರೆ ಅಲ್ಯೂಮಿನಿಯಂ ಉಕ್ಕಿಗಿಂತ ಮೂರು ಪಟ್ಟು ಜಾಸ್ತಿ ಬಾಗುತ್ತದೆ.

ನಾಲ್ಕನೇ ತಿಂಗಳಲ್ಲಿ ಎಡಗಡೆ ದೀಪ ಜೋತುಬಿತ್ತು. ಬಿಚ್ಚಿ ನೋಡಿದರೆ ಮಡಿಸಿದ ಜಾಗದಲ್ಲಿ ಕೂದಲೆಳೆಯಂಥ ಸೀಳು, ಅಗಲದ ಮುಕ್ಕಾಲು ಭಾಗ ಓಡಿತ್ತು. ಅಳತೆಗೆ ಅಂತ ಮೊಳೆಯಲ್ಲಿ ನಾನೇ ಗೀರು ಹಾಕಿದ್ದೆ. ಸೀಳು ಅದೇ ಗೀರಿನ ಮೇಲೆ ಬಂದಿತ್ತು. ತೋರಿಸಿದಾಗ ಪಕ್ಕದ ಗ್ಯಾರೇಜಿನ ಹುಡುಗ ಅಂದ: "ಮಡ್ಸೋ ಜಾಗಕ್ಕೆ ಗೀರಾಕ್ಬಾರ್ದು ಕಣಣ್ಣ, ಪೆನ್ಸಿಲ್ಲಲ್ಲಿ ಗುರ್ತು ಮಾಡು."

ಅವನ ಮಾತು ನೂರಕ್ಕೆ ನೂರು ನಿಜ. ಪೆನ್ಸಿಲ್ ಗುರುತು ಹಾಕಿ, ವಸ್ತುವನ್ನು ಬಿಗಿಯಾಗಿ ಹಿಡಿಯುವ ವೈಸ್‌ನಲ್ಲಿ 8 ಮಿ.ಮೀ. ರಾಡು ಇಟ್ಟು ಅದರ ಸುತ್ತ ನಿಧಾನವಾಗಿ ಬಗ್ಗಿಸಿ ಇನ್ನೊಂದು ಅಲ್ಯೂಮಿನಿಯಂ ಬ್ರಾಕೆಟ್ ಮಾಡಿದೆ. ಅದು ಸೀಳಲಿಲ್ಲ. ಆದರೆ ನಡುಕ ಹಾಗೇ ಉಳಿಯಿತು. ಸಣ್ಣ ನಡುಕವೇ ಆದರೂ ಲಕ್ಷಾಂತರ ಸಲ ಬಿದ್ದರೆ ಅಲ್ಯೂಮಿನಿಯಂ ಒಂದಲ್ಲ ಒಂದು ದಿನ ದಣಿದು ಸೀಳುತ್ತದೆ. ಉಕ್ಕಿಗೆ ಒಂದು ಮಿತಿಯೊಳಗೆ ಆ ತೊಂದರೆ ಇಲ್ಲ. ನಾಲೆ ರಸ್ತೆಯಲ್ಲಿ ಓಡಾಡುವವನಿಗೆ ಈ ಮಾತು ಮುಖ್ಯ.

ನಡುವೆ ಸ್ಟೇನ್‌ಲೆಸ್ ಸ್ಟೀಲನ್ನೂ ನೋಡಿದೆ, 2 ಮಿ.ಮೀ. ಪಟ್ಟಿ. ಜೋರಾಗಿ ಡ್ರಿಲ್ ಓಡಿಸಿ ಎರಡು ಬಿಟ್ ಸುಟ್ಟುಕೊಂಡೆ. ನಿಧಾನ ವೇಗ, ಒಳ್ಳೆಯ ಒತ್ತಡ, ಜೊತೆಗೆ ಎಣ್ಣೆ. ಹಾಗೆ ಮಾಡಿದರೇ ತೂತು ಬೀಳುವುದು. ನೋಡೋಕೆ ಚೆಂದ, ಆದರೆ ಇದೂ ನಡುಗಿತು. ಪಟ್ಟಿಯ ದಪ್ಪ 3ರಿಂದ 2ಕ್ಕೆ ಇಳಿದರೆ ಬಾಗದೆ ನಿಲ್ಲುವ ಬಿಗಿ ಮೂರನೇ ಒಂದು ಭಾಗಕ್ಕಿಂತಲೂ ಕಮ್ಮಿಯಾಗುತ್ತದೆ. 3 ಮಿ.ಮೀ. ಸ್ಟೇನ್‌ಲೆಸ್ ಪಟ್ಟಿಯನ್ನು ಮನೆಯ ವೈಸ್‌ನಲ್ಲಿ ಬಗ್ಗಿಸೋಕೆ ನನ್ನ ಕೈಲಿ ಆಗಲಿಲ್ಲ.

ಹಾಗಾಗಿ ಈಗ ಎರಡೂ ಕಡೆ ಕಬ್ಬಿಣವೇ. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ ಬಂಪರ್ ಕೆಳಗೆ ಹಿಡಿದು ನೋಡುತ್ತೇನೆ. ಬಿಟ್ ಜಾರದ ಹಾಗೆ ಸೆಂಟರ್ ಪಂಚ್‌ನಿಂದ ಗುಳಿ ಹೊಡೆದು, ಸಣ್ಣ ಬಿಟ್‌ನಲ್ಲಿ ತೂತು ಮಾಡಿ, ಆಮೇಲೆ 8 ಮಿ.ಮೀ. ಬೋಲ್ಟಿಗೆ 9 ಮಿ.ಮೀ. ತೂತು ಮಾಡುತ್ತೇನೆ. ಕಾರಿನ ಕಡೆ ಎರಡು ಬೋಲ್ಟ್ ಬೇಕೇ ಬೇಕು. ಒಂದೇ ಇದ್ದರೆ ಪಟ್ಟಿ ತಿರುಗುತ್ತದೆ. ಸ್ಪ್ರಿಂಗ್ ವಾಶರ್ ನಂಬಬೇಡಿ, ಒಳಗೆ ನೈಲಾನ್ ಉಂಗುರ ಇರುವ ನೈಲಾಕ್ ನಟ್ ಹಾಕಿ.

ಕಬ್ಬಿಣದ ಒಂದೇ ಕಾಟ ತುಕ್ಕು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ತೂತಿನ ಒಳಗಿನಿಂದ ಕೆಂಪು ನೀರು ಇಳಿದಿತ್ತು. ಮೇಲೆ ಮಾತ್ರ ಬಣ್ಣ ಬಳಿದಿದ್ದೆ, ತೂತಿನ ಅಂಚು ಬರಿದಾಗಿತ್ತು. ಎರಡನೇ ಸಲ ಅರದಿಂದ ಅಂಚು ನಯ ಮಾಡಿ, ತೂತಿನೊಳಗೂ ಬ್ರಶ್ ಆಡಿಸಿ ರೆಡ್ ಆಕ್ಸೈಡ್ ಎರಡು ಕೋಟ್ ಹೊಡೆದೆ. ಒಂದು ರಾತ್ರಿ ಒಣಗಿಸಿ ಕಪ್ಪು ಬಣ್ಣ ಕೊಟ್ಟೆ. ಎರಡು ಮಳೆಗಾಲ ಕಳೆದಿದೆ, ಇನ್ನೂ ಕೆಂಪು ಕಂಡಿಲ್ಲ.

ಸ್ಟೇನ್‌ಲೆಸ್ ಪಟ್ಟಿ ದಂಡ ಆಗಲಿಲ್ಲ. ಬಾನೆಟ್ ಒಳಗೆ ದೀಪದ ರಿಲೇ (ಕರೆಂಟ್ ಸ್ವಿಚ್) ಹಿಡಿದುಕೊಂಡು ಕೂತಿದೆ. ಅಲ್ಲಿ ಭಾರ ಇಲ್ಲ, ಹಾಗಾಗಿ ನಡುಕವೂ ಇಲ್ಲ.