ಅಂಟು ಸುರಿದು ಮುಚ್ಚಿದ ಹಿಡಿಯೊಳಗೆ ಹಳೆಯ ಸೆಲ್: ಮೈಸೂರಿನ ಪೋಷಕರೇ, ಎಚ್ಚರ

ಮಕ್ಕಳ ನಾಟಕಕ್ಕೆ ಎಲ್‌ಇಡಿ ಖಡ್ಗ, ಗದೆ, ಕಿರೀಟ ಮಾಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯುವಾಗಲೂ ಕೈ ನಡುಗುತ್ತಿದೆ. ಹೋದ ಹಣದ ಸಿಟ್ಟಿಗಿಂತ, ನನ್ನ ಮಗಳ ಅಂಗೈಯಲ್ಲಿ ಅಂಗಡಿಯವರು ಏನನ್ನು ಇಟ್ಟು ಕಳುಹಿಸಿದ್ದರು ಎಂಬುದರ ಸಿಟ್ಟು ದೊಡ್ಡದು.

ನವರಾತ್ರಿಗೆ ನಮ್ಮ ಬಡಾವಣೆಯ ಮಕ್ಕಳು ಮಹಿಷಾಸುರ ಸಂಹಾರ ಆಡಿದರು. ಮಗಳದು ಚಾಮುಂಡಿಯ ಪಾತ್ರ. ಬೆಟ್ಟದ ಮೇಲಿನ ಮಹಿಷಾಸುರನ ಕೈಯಲ್ಲೇ ಅಷ್ಟು ದೊಡ್ಡ ಖಡ್ಗ ಇರುವಾಗ ದೇವಿಯ ಕೈಯಲ್ಲಿ ರಟ್ಟಿನ ಕತ್ತಿ ಯಾಕೆ ಎಂದು ಅವಳ ಹಠ. ದಸರೆಗೆ ಊರೆಲ್ಲ ಬೆಳಗುತ್ತದೆ, ನನ್ನ ಖಡ್ಗವೂ ಬೆಳಗಬೇಕು ಎಂದಳು. ಸರಿ ಎಂದೆ. ನಾನು ಎಲೆಕ್ಟ್ರಾನಿಕ್ಸ್ ಓದಿದವಳಲ್ಲ, ಆದರೆ ಕೂತು ಕಲಿತೆ. ಅಕ್ರಿಲಿಕ್ ಪೆಟ್ಟು ಬಿದ್ದರೆ ಚೂರಾಗುತ್ತದೆಂದು ಪಾಲಿಕಾರ್ಬೊನೇಟ್ ಕೊಳವೆಯನ್ನೇ ಹುಡುಕಿ ತಂದೆ. ಒಳಗೆ ಒಂದು ಮೀಟರ್ ಎಲ್‌ಇಡಿ ಸ್ಟ್ರಿಪ್, 60 ದೀಪ. ಬೆಳಕು ಚುಕ್ಕೆ ಚುಕ್ಕೆಯಾಗಿ ಕಾಣದಂತೆ ಅದಕ್ಕೆ ತೆಳು ಫೋಮ್ ಹಾಳೆ ಸುತ್ತಿದೆ. ದೀಪಗಳಿಗೆ ಸಂಕೇತ ಒಯ್ಯುವ ಡೇಟಾ ತಂತಿಗೆ 330 ಓಮ್ ರೆಸಿಸ್ಟರ್, ಪ್ಲಸ್ ಮೈನಸ್ ನಡುವೆ 1000 ಮೈಕ್ರೊಫ್ಯಾರಡ್ ಕೆಪಾಸಿಟರ್, ಎಲ್ಲವನ್ನೂ ನಾನೇ ಬೆಸುಗೆ ಹಾಕಿದೆ. ಉಳಿದದ್ದು ಸೆಲ್ ಒಂದೇ.

ನಗರದ ನಡುವೆ ಇರುವ ಬಿಡಿಭಾಗಗಳ ಅಂಗಡಿಯೊಂದಕ್ಕೆ ಹೋದೆ. ಚೀಟಿಯಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟೆ: 18650 ಸೆಲ್ (ಮತ್ತೆ ಮತ್ತೆ ಚಾರ್ಜ್ ಮಾಡುವ ಲಿಥಿಯಂ ಸೆಲ್) ಎರಡು, ಹೊಸದು, ಸಾಮರ್ಥ್ಯ 3000 ಎಂಎಎಚ್, ಪ್ರೊಟೆಕ್ಷನ್ ಇರುವ ಚಾರ್ಜಿಂಗ್ ಬೋರ್ಡ್ ಒಂದು. ಪೂರ್ಣ ಬಿಳಿ ಬೆಳಕಿನಲ್ಲಿ ಒಂದೊಂದು ದೀಪ 60 ಮಿಲಿಆಂಪ್‌ವರೆಗೆ ಎಳೆಯುತ್ತದೆ, 60 ದೀಪಕ್ಕೆ 3.6 ಆಂಪ್, ಅದನ್ನು ತಡೆಯುವ ಸೆಲ್ಲೇ ಬೇಕು ಎಂದು ಬಾಯಿಬಿಟ್ಟು ಹೇಳಿದೆ. ಮಾಲೀಕರು ನಕ್ಕರು. "ಲಿಥಿಯಂ ಸೆಲ್‌ಗೆ ಮನೆಯಲ್ಲಿ ಬೆಸುಗೆ ಹಾಕಿದರೆ ಬೆಂಕಿ ಹತ್ತುತ್ತದೆ ಮೇಡಂ. ಇದೆಲ್ಲ ನಿಮಗೆ ಬೇಡ. ಹಿಡಿ ಇಲ್ಲೇ ಬಿಟ್ಟು ಹೋಗಿ, ಸಂಜೆ ಬನ್ನಿ." ಸೆಲ್‌ಗೆ ನೇರವಾಗಿ ಬೆಸುಗೆ ಹಾಕುವುದು ಅಪಾಯ ಎನ್ನುವುದು ನಿಜವೇ. ಆ ನಿಜವನ್ನೇ ಮುಂದಿಟ್ಟುಕೊಂಡು ಮೋಸ ಮಾಡಿದರು. ಸಂಜೆ ಹೋದಾಗ ಹಿಡಿಯ ಬಾಯಿಗೆ ಮಂದವಾಗಿ ಬಿಸಿ ಅಂಟು ಸುರಿದು ಮುಚ್ಚಿದ್ದರು. ಯಾಕೆ ಎಂದು ಕೇಳಿದೆ. "ಮಕ್ಕಳು ಬಿಚ್ಚಬಾರದಲ್ಲ ಮೇಡಂ, ಸೇಫ್ಟಿ." ಬಿಲ್ ಕೇಳಿದರೆ, "ಬಿಲ್ ಹಾಕಿದರೆ ಜಿಎಸ್‌ಟಿ ಸೇರುತ್ತದೆ, ನಿಮಗೇ ಹೊರೆ." ಸೇಫ್ಟಿಯಂತೆ!

ನಾಟಕದ ದಿನ ಖಡ್ಗ ಬೆಳಗಿತು, ಜನ ಹೋ ಎಂದರು. ಮಹಿಷನ ಎದುರು ಬರುವಷ್ಟರಲ್ಲಿ ತುದಿಯ ಬೆಳಕು ಕೆಂಪಗಾಗತೊಡಗಿತು. ವೋಲ್ಟೇಜ್ ಕುಸಿದಾಗ ನೀಲಿ ಮತ್ತು ಹಸಿರು ಮೊದಲು ಮಂಕಾಗುತ್ತವೆ, ಕೆಂಪು ಮಾತ್ರ ಉಳಿಯುತ್ತದೆ. ರಕ್ತದ ಬಣ್ಣ ಎಂದುಕೊಂಡು ಕೆಲವರು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಗೊತ್ತು, ಎದೆ ಧಸಕ್ಕೆಂದಿತು. ಆಮೇಲೆ ಪೂರ್ತಿ ಆರಿಯೇ ಹೋಯಿತು. ಪಕ್ಕದ ಮನೆಯವರು "ನೀವೇ ಮಾಡಿದ್ದಂತಲ್ಲ?" ಎಂದು ಕೇಳಿದಾಗ ಎಲ್ಲಿ ಮುಖ ಇಟ್ಟುಕೊಳ್ಳಲಿ? ಪರದೆಯ ಹಿಂದೆ ಮಗಳು ಅಂಗೈ ತೋರಿಸಿದಳು, ಕೆಂಪಾಗಿತ್ತು. "ಹಿಡಿ ಸುಡುತ್ತಿತ್ತು ಅಮ್ಮ. ದೇವಿ ಖಡ್ಗ ಕೆಳಗೆ ಹಾಕಬಾರದು ಅಂತ ಬಿಡಲಿಲ್ಲ."

ಮನೆಗೆ ಬಂದವಳೇ ಅಂಟನ್ನು ಕೊರೆದೆ. ಒಳಗೆ ಗುಲಾಬಿ ಬಣ್ಣದ ಹೊದಿಕೆಯ ಎರಡು ಸೆಲ್, ಮೇಲೆ "9800 ಎಂಎಎಚ್" ಎಂಬ ಅಚ್ಚು. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಸೆಲ್‌ನಲ್ಲಿ ಒಳ್ಳೆಯ ಕಂಪನಿಗಳು ಸಾಮಾನ್ಯವಾಗಿ ಕೊಡುವುದೇ ಹೆಚ್ಚೆಂದರೆ 3500ರ ಆಸುಪಾಸು. 9800 ಎಂದು ಬರೆದಿದ್ದರೆ ಸುಳ್ಳೆಂದೇ ಅರ್ಥ. ಹೊದಿಕೆಯ ಅಂಚು ಸುಕ್ಕುಗಟ್ಟಿತ್ತು. ಉಗುರಿನಿಂದ ಎಳೆದರೆ ಸುಲಿದು ಬಂತು, ಅದರಡಿಯಲ್ಲಿ ಇನ್ನೊಂದು ಹೊದಿಕೆ, ಮಾಸಿದ ಹಸಿರು! ತಳದಲ್ಲಿ ಸ್ಪಾಟ್ ವೆಲ್ಡಿಂಗ್‌ನ, ಅಂದರೆ ಬ್ಯಾಟರಿಯೊಳಗೆ ಸೆಲ್‌ಗಳಿಗೆ ಪಟ್ಟಿ ಬೆಸೆದಾಗ ಬೀಳುವ, ಜೋಡಿ ಚುಕ್ಕೆಗಳು, ಕಿತ್ತ ನಿಕ್ಕಲ್ ಪಟ್ಟಿಯ ಚೂರೊಂದು ಇನ್ನೂ ಅಂಟಿಕೊಂಡಿತ್ತು. ಯಾವುದೋ ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಕಿತ್ತ ಸೆಲ್‌ಗೆ ಹೊಸ ಅಂಗಿ ತೊಡಿಸಿದ್ದರು. ಚಾರ್ಜಿಂಗ್ ಬೋರ್ಡ್ ನೋಡಿದೆ. ಪ್ರೊಟೆಕ್ಷನ್ ಇರುವ ಬೋರ್ಡಿನಲ್ಲಿ ಬ್ಯಾಟರಿಗೆ ಎರಡು, "ಔಟ್" ಎಂದು ಮತ್ತೆರಡು ಜಾಗ ಇರುತ್ತವೆ. ಇದರಲ್ಲಿ ಔಟ್ ಎಂಬುದೇ ಇಲ್ಲ. ಅಂದರೆ ಶಾರ್ಟ್ ಆದರೂ, ಪೂರ್ತಿ ಬರಿದಾದರೂ ತಡೆಯುವವರಿಲ್ಲ. ದುಡ್ಡು ಮಾತ್ರ ಅದಕ್ಕೂ ತೆಗೆದುಕೊಂಡಿದ್ದಾರೆ. ಅಂಟು ಸುರಿದದ್ದು ಇದಕ್ಕೆ. ಮಕ್ಕಳು ಬಿಚ್ಚಬಾರದೆಂದಲ್ಲ, ನಾನು ಬಿಚ್ಚಬಾರದೆಂದು.

ಮರುದಿನ ಅಂಗಡಿಗೆ ಹೋಗಿ ಮೇಜಿನ ಮೇಲೆ ಇಟ್ಟೆ. ಮೊದಲ ಉತ್ತರ, "ಇದು ನಮ್ಮದಲ್ಲ." ಸಂಜೆ ಕೊಟ್ಟಾಗ ತೆಗೆದ ಫೋಟೋ ತೋರಿಸಿದೆ, ಅದೇ ಹಿಡಿ, ಅದೇ ಅಂಟು. "ಕಂಪನಿಯವರು ಹಾಗೆ ಪ್ರಿಂಟ್ ಮಾಡಿದ್ದಾರೆ, ನಾನೇನು ಮಾಡಲಿ?" ಎರಡು ಹೊದಿಕೆ ಯಾವ ಕಂಪನಿ ಹಾಕುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. "ಎಷ್ಟೋ ಜನ ಒಯ್ದಿದ್ದಾರೆ ಮೇಡಂ, ಯಾರೂ ನಿಮ್ಮ ಹಾಗೆ ಬಂದು ಗಲಾಟೆ ಮಾಡಿಲ್ಲ." ಎಲ್ಲರ ಎದುರು. ಅಂಗೈ ಸುಟ್ಟದ್ದು ಹೇಳಿದೆ. "ಮಕ್ಕಳ ಕೈಗೆ ಯಾಕೆ ಕೊಟ್ಟಿರಿ?" ಮಕ್ಕಳ ಖಡ್ಗವೆಂದು ಗೊತ್ತಿದ್ದೇ ಅಲ್ಲವೇ ಸೇಫ್ಟಿಯ ಪಾಠ ಹೇಳಿದ್ದು? ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಬಂತು: "ಒಳ್ಳೆಯ ಸೆಲ್ ಕೊಡುತ್ತೇನೆ, ವ್ಯತ್ಯಾಸದ ಹಣ ಕೊಡಿ." ನೋಡಿ, ಒಳ್ಳೆಯ ಸೆಲ್ ಅವರಲ್ಲಿ ಇತ್ತು!

ಬಿಲ್ ಇಲ್ಲದಿದ್ದರೂ ಯುಪಿಐ ಪಾವತಿಯ ದಾಖಲೆ, ಫೋಟೋ, ಆ ಸಂದೇಶ ಮೂರನ್ನೂ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನೀವು ಸೆಲ್ ಕೊಳ್ಳುವಾಗ ತಳ ತಿರುಗಿಸಿ ನೋಡಿ, ವೆಲ್ಡಿಂಗ್‌ನ ಗುರುತು ಇದ್ದರೆ ಬೇಡವೇ ಬೇಡ. ನಿಮ್ಮ ಕಣ್ಣೆದುರು ಜೋಡಿಸದ ಅಂಗಡಿಗೆ ಹಿಡಿ ಬಿಟ್ಟು ಬರಬೇಡಿ. ಅಂಟು ಸುರಿದು ಮುಚ್ಚಿದ ಇಂಥ ಆಟಿಕೆ ಈಗಾಗಲೇ ಮನೆಯಲ್ಲಿದ್ದರೆ ಇವತ್ತು ರಾತ್ರಿ ಅದನ್ನು ಚಾರ್ಜಿಗೆ ಹಾಕಬೇಡಿ. ಮೊದಲು ಬಿಚ್ಚಿಸಿ ನೋಡಿ.