ರಾಷ್ಟ್ರಪತಿ ಭವನದ ಪ್ರವಾಸ: 50 ರೂಪಾಯಿಗೆ ಮೋಸವಿಲ್ಲ, ಆದರೆ ಓದಿಕೊಂಡು ಹೋಗಿ

ತಲಾ 50 ರೂಪಾಯಿ ಕಟ್ಟಿ ಆನ್‌ಲೈನ್‌ನಲ್ಲಿ ಸ್ಲಾಟ್ ಹಿಡಿಯಬೇಕು. ಮುಖ್ಯ ಕಟ್ಟಡಕ್ಕೆ ಸರ್ಕ್ಯೂಟ್ 1, ಮ್ಯೂಸಿಯಂಗೆ ಸರ್ಕ್ಯೂಟ್ 2. ಟಿಕೆಟ್ ಬೇರೆಬೇರೆ, ಗಡಿಬಿಡಿಯಲ್ಲಿ ತಪ್ಪು ಒತ್ತಬೇಡಿ. ಬುಕಿಂಗ್‌ಗೆ ಕೊಟ್ಟ ಗುರುತಿನ ಚೀಟಿಯ ಅಸಲು ಪ್ರತಿಯೇ ಜೊತೆಗಿರಲಿ.

ನೋಡಲೇಬೇಕಾದದ್ದು ಗಣತಂತ್ರ ಮಂಟಪ, 2024ರವರೆಗಿನ ದರ್ಬಾರ್ ಹಾಲ್. 33 ಮೀಟರ್ ಎತ್ತರದಿಂದ ಇಳಿಬಿದ್ದ ಎರಡು ಟನ್ನಿನ ತೂಗುದೀಪ, ಕೆಳಗೆ 5ನೇ ಶತಮಾನದ ಬುದ್ಧ. ಅಶೋಕ ಮಂಟಪದಲ್ಲಿ ಚಾವಣಿ ನೋಡುವ ಭರದಲ್ಲಿ ಕಾಲಡಿಯ ಮರದ ನೆಲ ಮರೆಯಬೇಡಿ, ಅದು ವೈಸ್‌ರಾಯ್ ಕಾಲದ ನೃತ್ಯಕ್ಕೆ ಹಾಸಿದ್ದು.

ಆದರೆ ರಾಷ್ಟ್ರಪತಿ ಹುದ್ದೆಯ ಕಸುವು ಇರುವುದು ಕಡತದಲ್ಲಿ, ಕಂಬಗಳಲ್ಲಲ್ಲ. ಸಂವಿಧಾನದ 111ನೇ ವಿಧಿಯಂತೆ ಧನ ವಿಧೇಯಕವಲ್ಲದ (ಅಂದರೆ ತೆರಿಗೆ, ಸರ್ಕಾರಿ ಖರ್ಚಿನಂಥ ಹಣಕಾಸಿಗಷ್ಟೇ ಸೀಮಿತವಲ್ಲದ) ಮಸೂದೆಯನ್ನು ರಾಷ್ಟ್ರಪತಿ ಒಮ್ಮೆ ಹಿಂದಿರುಗಿಸಬಹುದು; ಸಂಸತ್ತು ಮತ್ತೆ ಅಂಗೀಕರಿಸಿದರೆ ಸಹಿ ತಪ್ಪದು. ಗಡುವು ಮಾತ್ರ ಬರೆದಿಲ್ಲ. ಆ ಸಂದಿನಲ್ಲೇ ಅಂದಿನ ರಾಷ್ಟ್ರಪತಿ ಜೈಲ್ ಸಿಂಗ್ 1986ರ ಅಂಚೆ ಮಸೂದೆಗೆ ಸಹಿಯನ್ನೂ ಹಾಕದೆ, ವಾಪಸ್ಸೂ ಕಳಿಸದೆ ಇಟ್ಟುಕೊಂಡರು.

ದೆಹಲಿ ದೂರವಾದರೆ ಹೈದರಾಬಾದಿನ ಬೊಲಾರಂನಲ್ಲಿ ರಾಷ್ಟ್ರಪತಿಯ ಇನ್ನೊಂದು ನಿವಾಸ, ರಾಷ್ಟ್ರಪತಿ ನಿಲಯವಿದೆ. ಕಲಬುರಗಿಯವರಿಗೆ ಅದೇ ಹತ್ತಿರ.